ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ

2010ರ ಅಕ್ಟೋಬರ್ ತಿಂಗಳು. ಅರ್ಧವಾರ್ಷಿಕ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಟೈಪು ಮಾಡಿ ಮುಗಿಸಿಯೇ ಮನೆಗೆ ಹೋಗಬೇಕೆಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕುಳಿತಿದ್ದೆ. ಹೊರಗೆ ಸಂಜೆಯ ಮಳೆ. ಜವಾನ ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟು ಹೊತ್ತು ಅಕ್ಕೋರೆ?" ಎಂದು ಎರಡು ಸಲ ಕೇಳಿಯಾಗಿತ್ತು. ಕನ್ನಡ ಟೈಪು ಮಾಡುವ ತಂತ್ರಾಂಶವನ್ನು ತೆರೆಯಲು ಹೋದೆ. ಅದು ತೆರೆದುಕೊಳ್ಳುವ ಬದಲು ಇಂಗ್ಲಿಷಿನಲ್ಲಿ ಒಂದು ಸಣ್ಣ ಪೆಟ್ಟಿಗೆ ಎದ್ದು ಬಂತು. ತಂತ್ರಾಂಶ ನಿರ್ಬಂಧದ ನೀತಿಯಂತೆ ಈ ಪ್ರೋಗ್ರಾಮನ್ನು ತಡೆಯಲಾಗಿದೆ, ಹೆಚ್ಚಿನ ವಿವರಕ್ಕೆ ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಕಾಣಿರಿ ಎಂದು ಅದರ ತಾತ್ಪರ್ಯ.

ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ತರು ಇದ್ದರು, ಗುಮಾಸ್ತರು ಇದ್ದರು, ಬೀಗ ಹಿಡಿದು ನಿಂತ ಜವಾನನೂ ಇದ್ದ. ಸಿಸ್ಟಂ ಅಡ್ಮಿನಿಸ್ಟ್ರೇಟರು ಎಂಬ ಪ್ರಾಣಿಯನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ.

ಆಮೇಲೆ ಯೋಚಿಸಿದಾಗ ಹೊಳೆಯಿತು. ಎರಡು ವಾರದ ಹಿಂದೆ ನಾವೇ ಮಾಡಿಸಿದ್ದ ವ್ಯವಸ್ಥೆ ಅದು. ಯಾರದೋ ಪೆನ್ ಡ್ರೈವಿನಿಂದ ಹೊಕ್ಕ ವೈರಸ್ಸು ಶಾಲೆಯ ಆರೂ ಕಂಪ್ಯೂಟರುಗಳನ್ನು ಹಿಡಿದುಬಿಟ್ಟಿತ್ತು. ನಾವು ಹೆಸರಿಟ್ಟ ಫೋಲ್ಡರುಗಳನ್ನು ಅದು ಅಡಗಿಸಿ, ಅದೇ ಹೆಸರು, ಅದೇ ವೇಷ ತೊಟ್ಟು ತಾನು ಕುಳಿತುಕೊಳ್ಳುತ್ತಿತ್ತು. ಹತ್ತನೆಯ ತರಗತಿಯ ಅಂಕಪಟ್ಟಿ ಎಂದು ಒತ್ತಿದರೆ ಓಡುತ್ತಿದ್ದುದು ವೈರಸ್ಸು. ಗುಮಾಸ್ತರು ಒಂದು ತಿಂಗಳು ಕುಳಿತು ಮಾಡಿದ ಕೆಲಸ ಹೋಯಿತು. ಆಗ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆವು. ಅವನು ಎಲ್ಲವನ್ನೂ ಅಳಿಸಿ, ಹೊಸದಾಗಿ ಹಾಕಿ, ಹೋಗುವಾಗ, "ಇನ್ನು ನಾನು ಒಪ್ಪಿದ ಪ್ರೋಗ್ರಾಂ ಮಾತ್ರ ಇದರಲ್ಲಿ ಓಡ್ತದೆ ಅಕ್ಕೋರೆ, ಉಳಿದದ್ದು ಯಾವುದೂ ಓಡೂದಿಲ್ಲ" ಎಂದಿದ್ದ. ನಾವು ಕೃತಜ್ಞತೆಯಿಂದ ತಲೆಯಾಡಿಸಿದ್ದೆವು. ಆ 'ಉಳಿದದ್ದು' ಎಂಬುದರಲ್ಲಿ ಕನ್ನಡವೂ ಸೇರಿದೆಯೆಂದು ಅವನಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಅಂದು ರಾತ್ರಿ ಪ್ರಶ್ನೆಪತ್ರಿಕೆಯನ್ನು ಕೈಯಲ್ಲೇ ಬರೆದು, ಮರುದಿನ ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ಹೋಗಿ ನಿಂತೆ. ಪರೀಕ್ಷೆಯೇನೋ ನಡೆಯಿತು. ಆದರೆ ಆ ಪೆಟ್ಟಿಗೆ ನನ್ನ ಮನಸ್ಸಿನಿಂದ ಹೋಗಲಿಲ್ಲ. ಇತಿಹಾಸ ಪಾಠ ಮಾಡುವವರಿಗೆ ಒಂದು ಚಟವಿರುತ್ತದೆ. ಬೇಲಿ ಕಂಡರೆ, ಇದನ್ನು ಯಾರು ಯಾವಾಗ ಕಟ್ಟಿದರು ಎಂದು ಕೇಳದಿದ್ದರೆ ಸಮಾಧಾನವಿಲ್ಲ. ಆ ವಿದ್ಯಾರ್ಥಿಯನ್ನು ಕಾಡಿ ಬೇಡಿ, ಮುಂದಿನ ವರ್ಷಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ನಾನು ತಿಳಿದುಕೊಂಡದ್ದು ಇಷ್ಟು.

ಮೊದಲಿಗೆ ಬೇಲಿಯೇ ಇರಲಿಲ್ಲ. ವಿಂಡೋಸ್ ಹುಟ್ಟಿದ್ದು ಡಾಸ್ ಎಂಬ ವ್ಯವಸ್ಥೆಯ ಮೇಲೆ. ಒಬ್ಬನೇ ಒಡೆಯ, ಒಂದೇ ಯಂತ್ರ, ಅವನು ಫ್ಲಾಪಿಯಲ್ಲಿ ಏನು ತಂದು ಹಾಕಿದರೂ ಓಡಬೇಕು ಎಂಬುದು ಅದರ ಧರ್ಮ. ನಮ್ಮ ಹಳ್ಳಿಮನೆಗಳ ಜಗುಲಿಯಂತೆ, ಬಂದವರೆಲ್ಲ ನೆಂಟರೇ. 1986ರಲ್ಲಿ ಇಂಥ ಕಂಪ್ಯೂಟರುಗಳ ಮೊದಲ ವೈರಸ್ಸೆಂದು ಹೆಸರಾದ 'ಬ್ರೈನ್' ಹೊರಟದ್ದು ಲಾಹೋರಿನಿಂದ. ಅದನ್ನು ಬರೆದ ಇಬ್ಬರು ಅಣ್ಣತಮ್ಮಂದಿರು ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರುಗಳನ್ನೂ ಬರೆದಿಟ್ಟಿದ್ದರು! ತಾವು ತಯಾರಿಸಿದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡಬಾರದೆಂದು ಹೀಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ಕಳ್ಳರನ್ನು ಹಿಡಿಯಲು ಬಿಟ್ಟ ನಾಯಿ ಊರನ್ನೆಲ್ಲ ಕಚ್ಚಿದ ಕಥೆ.

ವೈರಸ್ಸು ಬಂದ ಮೇಲೆ ಆಂಟಿವೈರಸ್ಸು ಬಂತು. ಅದರ ಕ್ರಮ ಪೊಲೀಸ್ ಠಾಣೆಯಲ್ಲಿ ರೌಡಿಗಳ ಪಟ್ಟಿ ಇಟ್ಟಂತೆ. ಪಟ್ಟಿಯಲ್ಲಿ ಇದ್ದವರನ್ನು ಹಿಡಿ, ಉಳಿದವರನ್ನು ಬಿಡು. ಹೊಸ ಕಳ್ಳ ಬಂದರೆ ಅವನು ಮೊದಲು ಯಾರದೋ ಮನೆಗೆ ಕನ್ನ ಹಾಕಬೇಕು, ಆಮೇಲೆಯೇ ಅವನ ಹೆಸರು ಪಟ್ಟಿಗೆ ಬರುತ್ತದೆ. ಹೀಗಾಗಿ ಪಟ್ಟಿ ಕಳ್ಳನಿಗಿಂತ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಕ್ರಮವಿದೆ. ಅದು ನಮ್ಮ ಹಾಜರಿ ಪುಸ್ತಕದ್ದು. ಹೆಸರಿದ್ದವರು ಮಾತ್ರ ತರಗತಿಯವರು, ಹೆಸರಿಲ್ಲದವನು ಒಳ್ಳೆಯವನೋ ಕೆಟ್ಟವನೋ ಎಂಬ ವಿಚಾರಣೆಯೇ ಇಲ್ಲ, ಅವನು ಹೊರಗೆ. ಅಮೆರಿಕದ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು 1975ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಕಂಪ್ಯೂಟರ್ ರಕ್ಷಣೆಯ ಸೂತ್ರಗಳನ್ನು ಪಟ್ಟಿ ಮಾಡಿದ್ದಾರೆ. ಪ್ರವೇಶವನ್ನು ತೀರ್ಮಾನಿಸುವಾಗ ಅನುಮತಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕು, ನಿಷೇಧವನ್ನಲ್ಲ ಎಂಬುದು ಅವುಗಳಲ್ಲಿ ಒಂದು. ಕಾರಣವನ್ನೂ ಹೇಳಿದ್ದಾರೆ. ಅನುಮತಿಯ ಪಟ್ಟಿಯಲ್ಲಿ ತಪ್ಪಾದರೆ ಯಾರೋ ಒಬ್ಬ ಅರ್ಹನಿಗೆ ಬಾಗಿಲು ತೆರೆಯುವುದಿಲ್ಲ, ಅವನು ಕೂಗಿಕೊಳ್ಳುತ್ತಾನೆ, ತಪ್ಪು ಬೇಗ ಗೊತ್ತಾಗುತ್ತದೆ. ನಿಷೇಧದ ಪಟ್ಟಿಯಲ್ಲಿ ತಪ್ಪಾದರೆ ಕಳ್ಳ ಒಳಗೆ ಹೋಗುತ್ತಾನೆ, ಅವನು ಕೂಗುವುದಿಲ್ಲ. ಎಷ್ಟು ಸರಿಯಾದ ಮಾತು! ಆದರೆ ಆ ಕೂಗಿಕೊಳ್ಳುವವನ ಕೂಗು ಯಾರ ಕಿವಿಗೆ ಬೀಳಬೇಕು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ವಿಂಡೋಸಿನಲ್ಲಿ ಹಾಜರಿ ಪುಸ್ತಕದ ಮೊದಲ ಪ್ರಯೋಗ ನಡೆದದ್ದು 1995ರ ವಿಂಡೋಸ್ 95ರಲ್ಲಿ. ಕಚೇರಿಯ ಕಂಪ್ಯೂಟರುಗಳಲ್ಲಿ ಇಂತಿಂಥ ಪ್ರೋಗ್ರಾಂ ಮಾತ್ರ ನಡೆಯಲಿ ಎಂದು ಬರೆದಿಡುವ ಒಂದು ನೀತಿ ಅದರಲ್ಲಿತ್ತು. ಆದರೆ ಅದು ನೋಡುತ್ತಿದ್ದುದು ಕಡತದ ಹೆಸರನ್ನು ಮಾತ್ರ. ಆಟದ ಪ್ರೋಗ್ರಾಮಿಗೆ ನೋಟ್‌ಪ್ಯಾಡ್ ಎಂದು ಹೆಸರು ಬದಲಿಸಿದರೆ ಬಾಗಿಲು ತೆರೆಯುತ್ತಿತ್ತು. ಹಾಜರಿ ಕರೆಯುವಾಗ ಗೆಳೆಯನ ಪರವಾಗಿ "ಎಸ್ ಸಾರ್" ಎನ್ನುವ ಹುಡುಗರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮುಖ ನೋಡದೆ ಹೆಸರಷ್ಟೇ ಕರೆದರೆ ಆಗುವುದು ಇದೇ.

ಮುಂದಿನ ವರ್ಷಗಳು ಕಷ್ಟದವು. ಅಂತರ್ಜಾಲ ಮನೆಮನೆಗೆ ಬಂತು. 1999ರಲ್ಲಿ ಮೆಲಿಸ್ಸಾ, 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ'. ಈ ಎರಡನೆಯದು ಪ್ರೇಮಪತ್ರದ ವೇಷದಲ್ಲಿ ಬರುತ್ತಿತ್ತು. ಕಡತದ ಹೆಸರಿನ ಬಾಲವನ್ನು ವಿಂಡೋಸ್ ತೋರಿಸದೆ ಮುಚ್ಚಿಡುತ್ತಿದ್ದುದರಿಂದ, ಓದುವ ಪತ್ರದಂತೆ ಕಂಡದ್ದು ನಿಜಕ್ಕೂ ಓಡುವ ಪ್ರೋಗ್ರಾಮೆಂದು ಜನಕ್ಕೆ ತಿಳಿಯುತ್ತಿರಲಿಲ್ಲ. 2001ರಲ್ಲಿ ಕೋಡ್ ರೆಡ್, ನಿಮ್ಡಾ. ಕೊನೆಗೆ 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆಲ್ಲ ಪತ್ರ ಬರೆದು, ಹೊಸ ಸೌಕರ್ಯ ಮತ್ತು ಭದ್ರತೆಯ ನಡುವೆ ಆಯ್ಕೆ ಬಂದಾಗ ಭದ್ರತೆಯನ್ನು ಆಯ್ದುಕೊಳ್ಳಬೇಕೆಂದು ಸೂಚಿಸಿದರು.

ಅದಕ್ಕೆ ಕೆಲವು ತಿಂಗಳು ಮೊದಲು, 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ನಿಜವಾದ ಹಾಜರಿ ಪುಸ್ತಕವೊಂದು ಸೇರಿಕೊಂಡಿತ್ತು. ನಮ್ಮ ಶಾಲೆಯಲ್ಲಿ ನನ್ನನ್ನು ತಡೆದದ್ದು ಇದೇ. ಪ್ರೋಗ್ರಾಮನ್ನು ಗುರುತಿಸಲು ಅದರಲ್ಲಿ ನಾಲ್ಕು ಬಗೆಯಿತ್ತು. ಒಂದು, ಅದು ಯಾವ ಫೋಲ್ಡರಿನಲ್ಲಿ ಕುಳಿತಿದೆ ಎಂಬುದು. ಎರಡು, ಯಾರ ಸಹಿ ಇದೆ ಎಂಬುದು. ಮೂರು, ಅಂತರ್ಜಾಲದ ಯಾವ ವಲಯದಿಂದ ಬಂತು ಎಂಬುದು. ನಾಲ್ಕನೆಯದನ್ನು 'ಹ್ಯಾಶ್' ಎನ್ನುತ್ತಾರೆ. ಇಡೀ ಪ್ರೋಗ್ರಾಮನ್ನು ಲೆಕ್ಕ ಹಾಕಿ ತೆಗೆದ ಒಂದು ಉದ್ದನೆಯ ಸಂಖ್ಯೆ ಅದು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ.

ನನ್ನ ವಿದ್ಯಾರ್ಥಿ ಆರಿಸಿಕೊಂಡದ್ದು ಸುಲಭದ ಮೊದಲ ದಾರಿ. ವಿಂಡೋಸ್ ಇರುವ ಫೋಲ್ಡರು, ಪ್ರೋಗ್ರಾಮುಗಳನ್ನು ಇಡುವ ಫೋಲ್ಡರು, ಇವೆರಡರಲ್ಲಿ ಇರುವುದು ಓಡಲಿ, ಬೇರೆ ಕಡೆ ಇರುವುದು ಯಾವುದೂ ಬೇಡ. ಪೆನ್ ಡ್ರೈವಿನಿಂದ ಬರುವ ಭೂತಗಳಿಗೆ ಇದು ಒಳ್ಳೆಯ ಮದ್ದು. ನಮ್ಮ ಕನ್ನಡದ ತಂತ್ರಾಂಶವನ್ನು ಯಾರೋ ಯಾವಾಗಲೋ 'ಡಿ' ಡ್ರೈವಿನ ಮೂಲೆಯಲ್ಲಿ ತಂದಿಟ್ಟಿದ್ದರು. ಊರಿನ ಗಡಿಯಾಚೆ ಗುಡಿಸಲು ಹಾಕಿಕೊಂಡವರ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟುಹೋಗುವಂತೆ ಅದು ಬಿಟ್ಟುಹೋಗಿತ್ತು.

2007ರಲ್ಲಿ ಜನರ ಕೈಸೇರಿದ ವಿಸ್ತಾ ಬೇರೆ ಉಪಾಯ ಮಾಡಿತು. ಪ್ರೋಗ್ರಾಂ ಏನಾದರೂ ದೊಡ್ಡ ಬದಲಾವಣೆಗೆ ಹೊರಟರೆ, "ಬಿಡಲೋ ಬೇಡವೋ?" ಎಂದು ಒಡೆಯನನ್ನೇ ಕೇಳುವುದು. ಒಳ್ಳೆಯದೇ. ಆದರೆ ಅದು ಎಷ್ಟು ಸಲ ಕೇಳಿತೆಂದರೆ ಜನ ಓದದೆಯೇ ಹೂಂ ಎನ್ನಲು ಕಲಿತರು. ಮಕ್ಕಳು ದಿನಕ್ಕೆ ನೂರು ಸಲ "ಅಮ್ಮಾ ಹೋಗಲಾ?" ಎಂದರೆ ನಾವು ಎಲ್ಲಿಗೆ ಎಂದು ಕೇಳುವುದನ್ನು ಮರೆಯುವುದಿಲ್ಲವೇ?

2009ರ ವಿಂಡೋಸ್ 7ರಲ್ಲಿ ಬಂದ 'ಆಪ್‌ಲಾಕರ್' ಹಳೆಯ ಹಾಜರಿ ಪುಸ್ತಕವನ್ನು ತಿದ್ದಿ ಬರೆಯಿತು. ಹ್ಯಾಶಿನ ತೊಂದರೆಯೆಂದರೆ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದೊಡನೆ ಅದು ಅಪರಿಚಿತವಾಗುತ್ತದೆ. ಆಪ್‌ಲಾಕರಿನಲ್ಲಿ ಇಂಥ ಪ್ರಕಾಶಕರ ಇಂಥ ಪ್ರೋಗ್ರಾಂ, ಇಂಥ ಆವೃತ್ತಿ ಮತ್ತು ಅದರ ಮುಂದಿನವು ಎಂದು ಬರೆಯಬಹುದಿತ್ತು. ಇನ್ನೂ ಒಂದು ಜಾಣತನವಿತ್ತು. ತಡೆಯುವ ಮೊದಲು ಕೆಲವು ದಿನ ಯಾರನ್ನೂ ತಡೆಯದೆ, ಯಾರು ಯಾರು ಬಂದುಹೋಗುತ್ತಾರೆಂದು ಬರೆದುಕೊಳ್ಳುವುದು. ನಮ್ಮ ಶಾಲೆಯಲ್ಲಿ ಹೀಗೆ ಒಂದು ವಾರ ಬರೆದುಕೊಂಡಿದ್ದರೆ ಕನ್ನಡದ ಹೆಸರು ಖಂಡಿತ ಬರುತ್ತಿತ್ತು. ಆದರೆ ಮೊದಲಿಗೆ ಈ ಸೌಕರ್ಯ ದೊಡ್ಡ ಸಂಸ್ಥೆಗಳ ದುಬಾರಿ ಆವೃತ್ತಿಗಳಿಗೆ ಮೀಸಲಾಗಿತ್ತು.

ಸಹಿಯ ವಿಷಯಕ್ಕೆ ಬಂದರೆ, ಅದೂ ಕಟ್ಟಕಡೆಯ ಮಾತಲ್ಲವೆಂದು 2010ರಲ್ಲೇ ಜಗತ್ತಿಗೆ ತಿಳಿಯಿತು. ಇರಾನಿನ ಪರಮಾಣು ಕೇಂದ್ರದ ಯಂತ್ರಗಳನ್ನು ಕೆಡಿಸಲು ಬಿಟ್ಟ ಸ್ಟಕ್ಸ್‌ನೆಟ್ ಎಂಬ ವೈರಸ್ಸಿನ ಭಾಗಗಳಿಗೆ ತೈವಾನಿನ ಎರಡು ಕಂಪೆನಿಗಳ ನಿಜವಾದ ಸಹಿ ಇತ್ತು. ಆ ಸಹಿಯ ಕೀಲಿಗಳನ್ನು ಕದ್ದು ಬಳಸಲಾಗಿತ್ತು. ಮುದ್ರೆಯುಂಗುರ ತೋರಿಸಿದವರನ್ನೆಲ್ಲ ಕೋಟೆಯೊಳಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಇತಿಹಾಸದ ಪುಸ್ತಕಗಳಲ್ಲೂ ಉದಾಹರಣೆಗಳಿವೆ.

ಇಲ್ಲಿಯವರೆಗೆ ಹಾಜರಿ ಪುಸ್ತಕ ಕಂಪ್ಯೂಟರಿನ ಒಡೆಯನ ಕೈಯಲ್ಲೋ ಅವನು ನೇಮಿಸಿದವನ ಕೈಯಲ್ಲೋ ಇತ್ತು ಎನ್ನಬಹುದು. 2012ರಿಂದ ಅದು ಮೆಲ್ಲಗೆ ಕೈ ಬದಲಾಯಿಸಿತು. ಆ ವರ್ಷ ಬಂದ ವಿಂಡೋಸ್ ಆರ್‌ಟಿ ಎಂಬ ಬಗೆಯಲ್ಲಿ ಹೊಸ ಪ್ರೋಗ್ರಾಂ ಬೇಕಾದರೆ ಕಂಪೆನಿಯ ಅಂಗಡಿಯಿಂದಲೇ ತರಬೇಕು. ಜನ ಅದನ್ನು ಒಪ್ಪಲಿಲ್ಲ. ಮರುವರ್ಷ ಮೈಕ್ರೋಸಾಫ್ಟ್ ಆ ಯಂತ್ರಗಳ ಲೆಕ್ಕದಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. 2017ರ ಮೇ 2ರಂದು ಅದೇ ವಿಚಾರ 'ವಿಂಡೋಸ್ 10 ಎಸ್' ಎಂಬ ಹೆಸರಿನಲ್ಲಿ ಮತ್ತೆ ಬಂತು, ಈ ಸಲ ಶಾಲೆಗಳಿಗಾಗಿ ಎಂದು. ಹತ್ತೇ ದಿನಕ್ಕೆ ವಾನಾಕ್ರೈ ಎಂಬ ಸುಲಿಗೆಯ ವೈರಸ್ಸು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಬಿಡದೆ ಜಗತ್ತನ್ನು ನಡುಗಿಸಿದಾಗ, ಇಂಥ ಬಿಗಿಯೇ ಬೇಕೇನೋ ಎಂದು ಯಾರಿಗಾದರೂ ಅನಿಸಬೇಕು. ಆದರೆ ಅದೇ ಬೇಲಿಯೊಳಗೆ ಕಂಪೆನಿಯದೇ ಬ್ರೌಸರು, ಕಂಪೆನಿಯದೇ ಹುಡುಕುವ ಯಂತ್ರ ಮೊದಲ ಆಯ್ಕೆಯಾಗಿ ಕುಳಿತಿದ್ದವು, ಅವನ್ನು ಬದಲಿಸುವಂತಿರಲಿಲ್ಲ. ಕಾವಲುಗಾರನೇ ಒಳಗೆ ಅಂಗಡಿ ಇಟ್ಟಿದ್ದರೆ, ಅವನು ಯಾರನ್ನು ಏಕೆ ತಡೆಯುತ್ತಿದ್ದಾನೆ ಎಂದು ಹೇಳುವುದು ಕಷ್ಟ. ಬೇಲಿಯಾದರೂ ಪೂರ್ಣವೇ? ಒಪ್ಪಿಗೆ ಪಡೆದ ವರ್ಡ್ ಪ್ರೋಗ್ರಾಮಿನೊಳಗಿನ ಮ್ಯಾಕ್ರೋ ಬಳಸಿಕೊಂಡು ಭದ್ರತಾ ತಜ್ಞನೊಬ್ಬ ಕೆಲವೇ ಗಂಟೆಗಳಲ್ಲಿ ಅದನ್ನು ದಾಟಿ ತೋರಿಸಿದ.

ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಇನ್ನೊಂದು ಬೆಳವಣಿಗೆ. 2012ರ ವಿಂಡೋಸ್ 8ರಿಂದ, ಅಂತರ್ಜಾಲದಿಂದ ಇಳಿಸಿಕೊಂಡ ಪ್ರೋಗ್ರಾಮಿಗೆ 'ಖ್ಯಾತಿ' ಇದೆಯೇ ಎಂದು ವಿಂಡೋಸೇ ವಿಚಾರಿಸತೊಡಗಿತು. ಬಹಳ ಜನ ಇಳಿಸಿಕೊಂಡದ್ದಾದರೆ, ಹೆಸರುವಾಸಿಯಾದವರ ಸಹಿ ಇದ್ದರೆ ಸರಿ. ಯಾರೂ ಹೆಚ್ಚು ಬಳಸದ್ದಾದರೆ ಎಚ್ಚರಿಕೆ. ಆದರೂ ಓಡಿಸುತ್ತೇನೆ ಎನ್ನುವ ಗುಂಡಿ ಒಂದು ಮಡಿಕೆಯ ಹಿಂದೆ ಅಡಗಿರುತ್ತದೆ. 2022ರಲ್ಲಿ ವಿಂಡೋಸ್ 11ಕ್ಕೆ ಸೇರಿದ 'ಸ್ಮಾರ್ಟ್ ಆಪ್ ಕಂಟ್ರೋಲ್' ಇನ್ನೂ ಮುಂದೆ ಹೋಯಿತು. ದೂರದ ಕಂಪ್ಯೂಟರು ಇದು ಒಳ್ಳೆಯದೆಂದು ಊಹಿಸಬೇಕು, ಇಲ್ಲವೇ ನಂಬತಕ್ಕ ಸಹಿ ಇರಬೇಕು. ಎರಡೂ ಇಲ್ಲದಿದ್ದರೆ ತಡೆ. ಇದೊಂದನ್ನು ಮಾತ್ರ ಬಿಡು ಎಂದು ಒಡೆಯ ಹೇಳುವ ಅವಕಾಶವನ್ನು, ಅದು ಬಂದಾಗ, ಇಟ್ಟಿರಲಿಲ್ಲ.

ಕೋಟ್ಯಂತರ ಜನ ಬಳಸುವ ಪ್ರೋಗ್ರಾಮಿಗೆ ಇದರಿಂದ ನಷ್ಟವಿಲ್ಲ. ನಮ್ಮಂಥವರ ಪಾಡೇನು? ವಿಂಡೋಸಿನೊಳಗೇ ಕನ್ನಡ ಲಿಪಿಗೆ ಜಾಗ ಸಿಕ್ಕಿದ್ದು 'ತುಂಗಾ' ಅಕ್ಷರಗಳೊಂದಿಗೆ ಬಂದ ಎಕ್ಸ್‌ಪಿಯಲ್ಲಿ, ಅದೂ ಬೇರೆಯಾಗಿ ಹಾಕಿಕೊಂಡರೆ ಮಾತ್ರ. ಅದಕ್ಕೆ ಮೊದಲೂ ಆಮೇಲೂ ನಮ್ಮ ಕೈ ಹಿಡಿದವು ಸಣ್ಣವರು ಮಾಡಿದ ತಂತ್ರಾಂಶಗಳು. ಶೇಷಾದ್ರಿವಾಸು ಚಂದ್ರಶೇಖರನ್ ಒಬ್ಬರೇ ಕುಳಿತು ರೂಪಿಸಿದ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಕರ್ನಾಟಕದ ಕಚೇರಿ ಕಚೇರಿಗಳನ್ನು ಸೇರಿತು. ಇಂಥ ತಂತ್ರಾಂಶಗಳು ಮಾಡುವ ಕೆಲಸವನ್ನು ನೋಡಿ. ನಾವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು, ಅದನ್ನು ಕನ್ನಡದ ಅಕ್ಷರವಾಗಿಸಿ ಮುಂದಕ್ಕೆ ಕಳಿಸುತ್ತವೆ. ಪಾಸ್‌ವರ್ಡ್ ಕದಿಯುವ ಗೂಢಚಾರ ಪ್ರೋಗ್ರಾಮುಗಳೂ ಕೀಲಿಗಳನ್ನು ಹಿಡಿಯುವುದು ಹೀಗೆಯೇ! ಹೊರಗೆ ನಿಂತು ನೋಡುವ ಕಾವಲುಗಾರನಿಗೆ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಬಳಸುವವರ ಸಂಖ್ಯೆ ಸಣ್ಣದು, ವರ್ಷ ವರ್ಷ ದುಡ್ಡು ಕೊಟ್ಟು ಸಹಿಯ ಪ್ರಮಾಣಪತ್ರ ಪಡೆಯುವ ಶಕ್ತಿ ಬಿಡುವಿನಲ್ಲಿ ತಂತ್ರಾಂಶ ಬರೆಯುವವನಿಗೆ ಇರುವುದಿಲ್ಲ. ಕಡಿಮೆ ಜನ ಬಲ್ಲರು ಎಂಬುದೇ ಅಪರಾಧವಾದರೆ ತುಳು, ಕೊಡವದಂಥ ಭಾಷೆಗಳಿಗಾಗಿ ಯಾರಾದರೂ ಒಂದು ಸಣ್ಣ ಪ್ರೋಗ್ರಾಂ ಬರೆದು ಹಂಚಿದರೆ ಅದರ ಗತಿ?

ಮತ್ತೆ 2010ಕ್ಕೆ ಬರುತ್ತೇನೆ. ಪರೀಕ್ಷೆಯ ದಿನ ಬೆಳಿಗ್ಗೆ ಉತ್ತರಪತ್ರಿಕೆ ಹಂಚಿ ಮುಗಿಸಿದಾಗ ಕಡೆಯ ಬೆಂಚಿನಿಂದ ಒಂದು ಕೈ ಎದ್ದಿತು. ಕೊಪ್ಪಳದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದ ಕುಟುಂಬದ ಹುಡುಗ ಅವನು. ಆಗಸ್ಟಿನಲ್ಲಿ ಸೇರಿದ್ದ. ಹಳೆಯ ಶಾಲೆಯಿಂದ ಟಿ.ಸಿ. ಇನ್ನೂ ಬಂದಿರಲಿಲ್ಲ. "ಅಕ್ಕೋರ, ನನ್ ನಂಬರ್ ಎಷ್ಟ್ ಬರೀಲ್ರಿ?" ಎಂದ. ನಮ್ಮ ಹಾಜರಿ 42ಕ್ಕೆ ಮುಗಿಯುತ್ತಿತ್ತು. ಶಾಯಿಯಲ್ಲಿ ಬರೆಯುವಂತಿಲ್ಲವೆಂದು ಅವನ ಹೆಸರನ್ನು ನಾನು ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿಟ್ಟು, ದಿನವೂ ಕೂಗುತ್ತಿದ್ದೆ. "43 ಅಂತ ಬರಿ" ಎಂದೆ. ಅವನು ಬರೆದ. ಆ ವರ್ಷದ ಏಪ್ರಿಲ್ 1ರಿಂದಷ್ಟೇ ಜಾರಿಗೆ ಬಂದಿದ್ದ ಶಿಕ್ಷಣ ಹಕ್ಕು ಕಾಯ್ದೆ, ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಎಂಟನೆಯ ತರಗತಿಯವರೆಗಿನ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು ಹೇಳುತ್ತದೆ. ಪಟ್ಟಿ ಬೇಡವೆಂದು ಕಾಯ್ದೆ ಹೇಳಿಲ್ಲ. ಪಟ್ಟಿಯಲ್ಲಿ ಇಲ್ಲದವನು ಬಾಗಿಲಿಗೆ ಬಂದರೆ ಅವನ ಮಾತು ಕೇಳು ಎಂದಿದೆ.

ಅದೇ ಭಾನುವಾರ ನನ್ನ ಹಳೆಯ ವಿದ್ಯಾರ್ಥಿ ಬಂದ. ಸಿಟ್ಟಿನಲ್ಲಿದ್ದ ನಾನು, "ಆ ನಿರ್ಬಂಧವನ್ನೆಲ್ಲ ತೆಗೆದುಹಾಕಿಬಿಡು ಮಾರಾಯ" ಎಂದೆ. ಅವನು ಒಪ್ಪಲಿಲ್ಲ. "ತೆಗೆದರೆ ಅಂಕಪಟ್ಟಿ ಮತ್ತೆ ಹೋಗ್ತದೆ ಅಕ್ಕೋರೆ. ತೆಗೆಯೂದು ಬೇಡ, ಸೇರಿಸುವಾ" ಎಂದು ಕನ್ನಡದ ತಂತ್ರಾಂಶದ ಹೆಬ್ಬೆಟ್ಟಿನ ಗುರುತನ್ನು ಪಟ್ಟಿಗೆ ಸೇರಿಸಿದ. ಅವನು ಹೇಳಿದ್ದೇ ಸರಿ. ಆರು ಕಂಪ್ಯೂಟರುಗಳಲ್ಲೂ ಕನ್ನಡ ತೆರೆದುಕೊಂಡಿತು. ಅಂದು ನಾವಿಬ್ಬರೂ ಸೇರಿ ಒಂದು ನೂರು ಪುಟದ ನೋಟುಬುಕ್ಕನ್ನು ದಾರ ಕಟ್ಟಿ ಕಂಪ್ಯೂಟರ್ ಕೋಣೆಯ ಗೋಡೆಗೆ ತೂಗುಹಾಕಿದೆವು. ಯಾವ ಪ್ರೋಗ್ರಾಂ ತಡೆಯಲ್ಪಟ್ಟಿತು, ಅದು ಯಾರಿಗೆ, ಏಕೆ ಬೇಕು ಎಂದು ಅದರಲ್ಲಿ ಬರೆಯಬೇಕು. ಅವನು ಬಂದಾಗ ಓದಿ, ಸೇರಿಸಿದ್ದನ್ನೂ ಸೇರಿಸದ್ದನ್ನೂ ಕಾರಣದೊಂದಿಗೆ ಪಕ್ಕದಲ್ಲಿ ಬರೆಯಬೇಕು. ಮಕ್ಕಳು ಬರೆದ ಬೇಡಿಕೆಗಳಲ್ಲಿ ಆಟಗಳೇ ಹೆಚ್ಚು, ಅವಕ್ಕೆಲ್ಲ ಅವನು "ಇಲ್ಲ" ಎಂದು ಬರೆದ. ಆದರೆ ಯಾರಿಗೂ ಉತ್ತರ ಕೊಡದೆ ಬಿಡಲಿಲ್ಲ.

ಆ ಕಂಪ್ಯೂಟರುಗಳು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಹುಡುಗನ ಟಿ.ಸಿ. ಡಿಸೆಂಬರಿನಲ್ಲಿ ಬಂತು. ಅಂದು ಪೆನ್ಸಿಲಿನ ಅಕ್ಷರಗಳ ಮೇಲೆಯೇ ಶಾಯಿ ತಿದ್ದಿದೆ, ಅಳಿಸಿ ಬರೆಯುವ ಮನಸ್ಸಾಗಲಿಲ್ಲ.